ಡಾಕ್ಟರಮ್ಮನ ಕಾರಿನ ಸೈಲೆನ್ಸರ್

ಮೋಟಾರು ಕೆಲಸ ಕಲಿಯುವವರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಮಂಡ್ಯದ ತರಬೇತಿ ಶಾಲೆಯ ಮೇಷ್ಟ್ರೊಬ್ಬರು ಮೂರು ತಿಂಗಳಿಂದ ನನ್ನ ಹಿಂದೆ ಬಿದ್ದಿದ್ದಾರೆ. ನಾನು ಓದಿದ್ದು ಲೋಯರ್ ಸೆಕೆಂಡರಿ. ಸ್ಪ್ಯಾನರ್ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿದವನಲ್ಲ. ನಾನು ಯಾವ ವರ್ಷ ಮೇಸ್ತ್ರಿಯಾದೆ, ಯಾವಾಗ ಸ್ವಂತ ಶೆಡ್ಡು ಹಾಕಿದೆ ಎಂಬುದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಏನಾದರೂ ಉಪಯೋಗವಾದೀತು. ಅದನ್ನೇ ಬರೆಯುತ್ತೇನೆ.

ಇಂಜಿನ್ನಿನೊಳಗೆ ಪೆಟ್ರೋಲು ಉರಿದ ಮೇಲೆ ಉಳಿಯುವ ಹೊಗೆ ಒಂದು ಪೈಪಿನಲ್ಲಿ ಕಾರಿನ ಹೊಟ್ಟೆಯಡಿ ಹರಿದು ಹಿಂದುಗಡೆ ಹೊರಗೆ ಹೋಗುತ್ತದೆ. ದಾರಿಯಲ್ಲಿ ಸದ್ದು ತಗ್ಗಿಸಲು ಒಂದು ಡಬ್ಬವಿರುತ್ತದೆ. ಅದೇ ಸೈಲೆನ್ಸರ್. ಈಗ ಅದು ತುಕ್ಕು ಹಿಡಿದು ತೂತಾದರೆ ನಾಲ್ಕು ಬೋಲ್ಟು ಬಿಚ್ಚಿ ಹಳೆಯದನ್ನು ಗುಜರಿಗೆ ಎಸೆಯುತ್ತಾರೆ, ಪೆಟ್ಟಿಗೆಯಿಂದ ಹೊಸದು ತೆಗೆದು ಕೂರಿಸುತ್ತಾರೆ. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಆಯಿತು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ನಮ್ಮದು ಹೊಳಲು. ನಾಲೆ ನೀರು ಬಂದು ಊರೆಲ್ಲ ಕಬ್ಬು, ಭತ್ತ ಅನ್ನುತ್ತಿದ್ದ ಕಾಲದಲ್ಲಿ ನಾನು ಗದ್ದೆ ಬಿಟ್ಟು ಮಂಡ್ಯಕ್ಕೆ ಮೋಟಾರು ಕೆಲಸಕ್ಕೆ ಬಂದೆ. ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ಅಪ್ಪ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಮಣ್ಣಿನ ಮೇಲೆ ನಿಂತು ಮಾಡೋ ಕೆಲಸ ಬಿಟ್ಟು ಮಣ್ಣಲ್ಲಿ ಅಂಗಾತ ಬಿದ್ದು ಮಾಡೋ ಕೆಲಸಕ್ಕೆ ಹೋದ ಎಂದು ಊರಲ್ಲಿ ಹೇಳಿಕೊಂಡು ತಿರುಗಿದ. ಅವನ ಮಾತೇನೂ ಸುಳ್ಳಲ್ಲ.

ನಾನು ಸೇರಿದ್ದು ಖಾದರ್ ಮೇಸ್ತ್ರಿಗಳ ಶೆಡ್ಡಿಗೆ. ಮೈಸೂರು ರಸ್ತೆಯ ಪಕ್ಕ, ಹುಣಸೆ ಮರದ ಕೆಳಗೆ ಒಂದು ತಗಡಿನ ಸೂರು. ಮೇಸ್ತ್ರಿಗಳು ತೆಳ್ಳಗೆ ಉದ್ದಕ್ಕಿದ್ದರು. ನೆಲಕ್ಕೆ ಕೂತು ಕೆಲಸ ಮಾಡಿ ಮಾಡಿ ಬೆನ್ನು ಬಾಗಿತ್ತು. ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಆ ಕೆಲಸವನ್ನು ತಾವೇ ಪೂರ್ತಿ ಬಿಚ್ಚಿ ನಮ್ಮ ಮುಂದೆ ಇಟ್ಟು ಚಹಾ ಕುಡಿಯಲು ಹೋಗುತ್ತಿದ್ದರು. ಅವರು ವಾಪಸು ಬರುವುದರೊಳಗೆ ಏನು ತಪ್ಪಾಗಿದೆ ಎಂದು ನಾವೇ ಕಂಡುಕೊಳ್ಳಬೇಕು. ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಯಾವ ಗಾಡಿ ಬಂದರೂ ಅವರು ಮೊದಲು ಹಿಂದಕ್ಕೆ ಹೋಗಿ ಹೊಗೆಪೈಪಿನ ಬಾಯಿಗೆ ಒದ್ದೆ ಬಟ್ಟೆ ಅಡ್ಡ ಹಿಡಿಯುತ್ತಿದ್ದರು. ಇಂಜಿನ್ ಉಸಿರುಕಟ್ಟಿ ನಿಂತರೆ ದಾರಿ ಸರಿಯಾಗಿದೆ ಎಂದರ್ಥ. ನಿಲ್ಲದೆ ಬುಸ್ ಎಂದು ಬೇರೆಲ್ಲೋ ಸದ್ದು ಬಂದರೆ ಅಲ್ಲಿ ಸೋರಿಕೆ. ‘ಒಳೀಕೆ ಓಗೋದನ್ನ ಎಲ್ಲಾರೂ ನೋಡ್ತಾರೆ ಬೋರಪ್ಪ, ಈಚೀಕೆ ಬರೋದನ್ನ ನೋಡೋನೇ ಕೆಲಸಗಾರ’ ಎನ್ನುತ್ತಿದ್ದರು. ಈ ಪರೀಕ್ಷೆ ನಾನು ನೂರಾರು ಸಲ ನೋಡಿದ್ದೆ. ಮಾಡಬೇಕಾದ ದಿನ ಮಾಡಲಿಲ್ಲ.

ಯುದ್ಧ ಬಲಿತ ಮೇಲೆ ಪೆಟ್ರೋಲಿಗೆ ಕೂಪನ್ನು ಬಂತು. ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಪೀಪಾಯಿಗಳನ್ನು ಕಟ್ಟಿ, ಆ ಇದ್ದಿಲಿನ ಗ್ಯಾಸಿನಲ್ಲೇ ಇಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಜನ ಇಳಿದು ತಳ್ಳಬೇಕು. ಒಂದು ದಿನ ಮದ್ದೂರಿನಲ್ಲಿ ಅಂಥ ಬಸ್ಸೊಂದು ಕೆಟ್ಟು ನಿಂತಿದೆ ಎಂದು ಮೇಸ್ತ್ರಿಗಳೂ ನಾನೂ ಹೋದೆವು. ಬಸ್ಸಿನ ಕ್ಲೀನರ್ ಪೀಪಾಯಿಯ ಬಾಯಿ ತೆಗೆದು ಒಳಗೆ ಬಗ್ಗಿ ಕೆದಕುತ್ತಿದ್ದವನು ನಮ್ಮ ಕಣ್ಣೆದುರೇ ಮೆತ್ತಗೆ ಕುಸಿದ. ಕೂಗಲಿಲ್ಲ, ಕೆಮ್ಮಲೂ ಇಲ್ಲ. ಬಿಸಿಲಿಗೆ ತಲೆ ತಿರುಗಿರಬೇಕೆಂದು ನಾನು ನೀರು ತರಲು ಓಡಿದೆ. ಮೇಸ್ತ್ರಿಗಳು ಅವನ ಕಂಕುಳಿಗೆ ಕೈಹಾಕಿ ದರದರ ಎಳೆದು ಶಿಂಷಾ ಹೊಳೆಯ ಗಾಳಿ ಬರುವ ಕಡೆ ಮಲಗಿಸಿ ಅಂಗಿ ಬಿಚ್ಚಿದರು. ಅವನಿಗೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು. ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲು ತಲೆನೋವು ತರುತ್ತದೆ, ಆಮೇಲೆ ನಿದ್ದೆ ತರುತ್ತದೆ, ಆಮೇಲೆ ಎಬ್ಬಿಸುವುದಿಲ್ಲ ಎಂದು ಮೇಸ್ತ್ರಿಗಳು ಅವತ್ತು ಹೇಳಿದರು. ಪೆಟ್ರೋಲ್ ಗಾಡಿಯ ಹೊಗೆಯಲ್ಲೂ ಅದು ಬೆರೆತಿರುತ್ತದೆ ಎಂದೂ ಹೇಳಿದರು. ನಾನು ಹೂಂ ಎಂದೆ.

ಮಳವಳ್ಳಿಯ ಹೆರಿಗೆ ಆಸ್ಪತ್ರೆಗೆ ಆಗ ಸುಗುಣಾ ಎಂಬ ಡಾಕ್ಟರಮ್ಮ ಬಂದಿದ್ದರು. ಮೂವತ್ತೈದರ ಆಸುಪಾಸು. ಮದುವೆಯಾಗಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ತಮ್ಮ ಕಾರಿನಲ್ಲೇ ಹೋಗಿ ಬರುತ್ತಿದ್ದರು. ತಮ್ಮ ಕೈಯಲ್ಲಿ ಆಗದ ಹೆರಿಗೆಯನ್ನು ಮಂಡ್ಯದ ಆಸ್ಪತ್ರೆಗೆ ಆಪರೇಷನ್ನಿಗೆ ಕರೆತರುತ್ತಿದ್ದುದೂ ಅದೇ ಕಾರಿನಲ್ಲಿ. ಅದೊಂದು ಸಣ್ಣ ಇಂಗ್ಲಿಷ್ ಕಾರು, ಅವರಿಗಿಂತ ಮೊದಲು ಇಬ್ಬರ ಕೈ ದಾಟಿ ಬಂದಿತ್ತು. ಡ್ರೈವರ್ ನಿಂಗಣ್ಣ ಹಿಂದೆ ಜಟಕಾ ಹೊಡೆಯುತ್ತಿದ್ದವನು. ಕಾರಿನ ಜೊತೆಯೂ ಕುದುರೆಯ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದ.

ಆ ಮಳೆಗಾಲದ ಆರಂಭದಲ್ಲಿ ನಿಂಗಣ್ಣ ಕಾರನ್ನು ನಮ್ಮ ಶೆಡ್ಡಿಗೆ ತಂದ. ಸೈಲೆನ್ಸರಿನ ತಳ ತುಕ್ಕಿಗೆ ಉದುರಿ ಅಂಗೈ ಅಗಲ ತೂತಾಗಿತ್ತು. ಅರ್ಧ ಮೈಲಿ ದೂರದಿಂದಲೇ ಸದ್ದು ಕೇಳುತ್ತಿತ್ತು. ಮೇಸ್ತ್ರಿಗಳು ಚಳಿಜ್ವರದಲ್ಲಿ ಮಲಗಿದ್ದರು. ನಾಲೆ ಬಂದ ಮೇಲೆ ನಮ್ಮ ಕಡೆ ಆ ಜ್ವರ ಮನೆಮನೆಗೂ ಇತ್ತು. ಶೆಡ್ಡಿಗೆ ಆ ವಾರ ನಾನೇ ಯಜಮಾನ. ಹೊಸ ಸೈಲೆನ್ಸರ್ ಮದರಾಸಿನಲ್ಲೂ ಇಲ್ಲ, ಬೊಂಬಾಯಲ್ಲೂ ಇಲ್ಲ. ಬರಬೇಕಾದ್ದೆಲ್ಲ ಹಡಗಿನಲ್ಲಿ ಬರಬೇಕು, ಹಡಗೆಲ್ಲ ಯುದ್ಧಕ್ಕೆ ಹೋಗಿದ್ದವು.

ನಾನು ಸೀಮೆಎಣ್ಣೆ ಡಬ್ಬ ಕತ್ತರಿಸಿ ತಗಡು ಮಾಡಿದೆ. ತೂತಿನ ಮೇಲೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಬೆಂಕಿಗೆ ಸುಡದ ಕಲ್ನಾರಿನ ಹಗ್ಗ ಸುತ್ತಿ, ತಗಡು ಹೊದಿಸಿ, ಕಂಬಿಯಿಂದ ಬಿಗಿದೆ. ಇಂಜಿನ್ ಚಾಲೂ ಮಾಡಿದರೆ ಸದ್ದೇ ಇಲ್ಲ. ಮಾರನೆಯ ದಿನ ಕಾರು ತೆಗೆದುಕೊಂಡು ಹೋಗಲು ಬಂದ ಡಾಕ್ಟರಮ್ಮ, ಬೆಕ್ಕು ಬಂದ ಹಾಗೆ ಬರುತ್ತದಲ್ಲ ಬೋರೇಗೌಡರೇ ಎಂದು ಮೆಚ್ಚಿಕೊಂಡರು. ನನಗಾಗ ಇಪ್ಪತ್ತಮೂರು ವರ್ಷ. ನನ್ನ ಹೆಸರಿಗೆ ಗೌಡರೇ ಎಂದು ಸೇರಿಸಿ ಕರೆದ ಮೊದಲ ವಿದ್ಯಾವಂತರು ಅವರು. ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಸದ್ದು ನಿಂತರೆ ರೋಗ ವಾಸಿಯಾಯಿತು ಎಂದುಕೊಂಡಿದ್ದೇ ನನ್ನ ತಪ್ಪು. ಆ ಡಬ್ಬದ ಒಳಗಿನ ತಗಡುಗಳೂ ಕಳಚಿ ಬಿದ್ದು ದಾರಿಗೆ ಅಡ್ಡವಾಗಿದ್ದವು. ಅಷ್ಟು ದಿನ ಹೊಗೆ ಆ ತೂತಿನಿಂದಲೇ ಹೊರಗೆ ಹೋಗುತ್ತಿತ್ತು. ನಾನು ತೂತು ಮುಚ್ಚಿದೆ. ಹೊಗೆ ಹಿಂದೊತ್ತಿ ಇಂಜಿನ್ನಿನ ಹತ್ತಿರ ಪೈಪು ಕೂಡುವ ಜಾಗದಲ್ಲಿ, ಹಳೆಯ ಸಂದಿಯಲ್ಲಿ ದಾರಿ ಮಾಡಿಕೊಂಡಿತು. ಕಾರಿನ ನೆಲದ ಹಲಗೆಗಳು ಲಡ್ಡು ಹಿಡಿದು ಬಿರುಕು ಬಿಟ್ಟಿದ್ದವು. ಹೊಗೆ ಅಲ್ಲಿಂದ ಮೇಲೆ ಬರುತ್ತಿತ್ತು.

ವಾರದ ನಂತರ ನಿಂಗಣ್ಣ ಸಿಕ್ಕಾಗ ಏರಿನಲ್ಲಿ ಕಾರು ಎಳೆಯುತ್ತಿಲ್ಲ ಎಂದ. ಪೆಟ್ರೋಲಿಗೆ ಏನೋ ಬೆರೆಸಿದ್ದಾರೆ ಎಂದು ನಾನು ಹೇಳಿ ಕಳಿಸಿದೆ. ಮೇಸ್ತ್ರಿಗಳ ಒದ್ದೆ ಬಟ್ಟೆ ನನ್ನ ತಲೆಯ ಮೇಲೇ ಗೂಟದಲ್ಲಿ ನೇತಾಡುತ್ತಿತ್ತು.

ಇನ್ನೊಂದು ವಾರ ಕಳೆಯಿತು. ಮಳವಳ್ಳಿ ಆಚೆಯ ಹಳ್ಳಿಯೊಂದರಿಂದ ಚಿಕ್ಕತಾಯಮ್ಮ ಎಂಬ ಹೆಂಗಸನ್ನು ಡಾಕ್ಟರಮ್ಮನ ಆಸ್ಪತ್ರೆಗೆ ಕರೆತಂದಿದ್ದರು. ಚೊಚ್ಚಲು ಬಸುರಿ. ಮಗು ಅಡ್ಡ ತಿರುಗಿತ್ತು. ಗಂಡ ಪಟಾಲಮ್ಮಿಗೆ ಸೇರಿ ಯುದ್ಧದಲ್ಲಿ ಎಲ್ಲೋ ಇದ್ದ. ಜೊತೆಗೆ ಬಂದವಳು ಅತ್ತೆ ಪುಟ್ಟಮಾದಮ್ಮ. ಮಂಡ್ಯಕ್ಕೆ ಒಯ್ಯಲೇಬೇಕೆಂದು ಡಾಕ್ಟರಮ್ಮ ಬೆಳಿಗ್ಗೆಯೇ ಹೊರಡಿಸಿದರು. ಜೋರು ಮಳೆ. ಗಾಜು ಏರಿಸಿ ಸಂದಿಗೆಲ್ಲ ಬಟ್ಟೆ ತುರುಕಿದ್ದರು, ಬಸುರಿಗೆ ಎರಚಲು ಹೊಡೆಯಬಾರದೆಂದು. ಮದ್ದೂರು ದಾಟುವ ಹೊತ್ತಿಗೆ ಪುಟ್ಟಮಾದಮ್ಮ ಎರಡು ಸಲ ವಾಂತಿ ಮಾಡಿದಳು. ಮೋಟಾರು ಒಗ್ಗುವುದಿಲ್ಲವೇನೋ ಎಂದುಕೊಂಡರು. ಡಾಕ್ಟರಮ್ಮನಿಗೆ ಹಣೆ ಸಿಡಿಯುತ್ತಿತ್ತು. ಚಿಕ್ಕತಾಯಮ್ಮ ನರಳುವುದನ್ನು ನಿಲ್ಲಿಸಿ ಮಲಗಿದ್ದಳು. ಸ್ವಲ್ಪ ನಿದ್ದೆ ಬಂತು, ಒಳ್ಳೆಯದೇ ಆಯಿತು ಎಂದು ಡಾಕ್ಟರಮ್ಮನಿಗೆ ಅನ್ನಿಸಿತಂತೆ. ಅದನ್ನು ಆಮೇಲೆ ಅವರೇ ನನಗೆ ಹೇಳಿದರು, ತಲೆ ತಗ್ಗಿಸಿಕೊಂಡು.

ನಿಂಗಣ್ಣನಿಗೆ ರಸ್ತೆ ಎರಡೆರಡಾಗಿ ಕಂಡಿತು. ಯಾವುದು ನಿಜವಾದ ರಸ್ತೆ ಎಂದು ಗೊತ್ತಾಗದೆ ಒಂದು ಆಲದ ಮರದ ಬುಡದಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆಗೆದು, ಕೆಳಕ್ಕೆ ಬಿದ್ದ. ಹಿಂದೆ ಬರುತ್ತಿದ್ದ ಬೆಲ್ಲದ ಗಾಡಿಯವರು ಓಡಿಬಂದು ಹೆಂಗಸರನ್ನು ಇಳಿಸಿ ಮರದಡಿ ಕಂಬಳಿ ಹಾಸಿ ಮಲಗಿಸಿದರು. ಮಳೆಗಾಳಿ ಮುಖಕ್ಕೆ ಬಡಿದು ಸ್ವಲ್ಪ ಸ್ವಲ್ಪವಾಗಿ ಎಲ್ಲರೂ ಸುಧಾರಿಸಿಕೊಂಡರು. ಒಳಗೆ ಗಾಳಿಯಾಡದೆ ಹೀಗಾಗಿರಬೇಕೆಂದು ಆಮೇಲೆ ಗಾಜೆಲ್ಲ ಇಳಿಸಿ ನೆನೆದುಕೊಂಡೇ ಮಂಡ್ಯ ಸೇರಿದರು. ಮಧ್ಯಾಹ್ನದೊಳಗೆ ಆಪರೇಷನ್ ಆಯಿತು. ಗಂಡು ಮಗು. ಬಹಳ ಹೊತ್ತು ಅಳಲಿಲ್ಲವಂತೆ.

ಇಷ್ಟೆಲ್ಲ ನನಗೆ ಗೊತ್ತಾದದ್ದು ಮಾರನೆಯ ದಿನ, ನಿಂಗಣ್ಣ ಶೆಡ್ಡಿಗೆ ಬಂದಾಗ. ಅವನು ದೂರು ಹೇಳಲು ಬಂದವನಲ್ಲ. ಬ್ರೇಕು ನೋಡು ಎನ್ನಲು ಬಂದವನು ಮಾತಿಗೆ ಮಾತು ಬಂದು ಹೇಳಿದ.

‘ಅದ್ಯಾಕೋ ಕಾಣೆ ಬೋರಪ್ಪ, ಆ ಕಾರೊಳಗೆ ಕುಂತ್ರೆ ಸಾಕು, ತಲೆ ಇಡೀತದೆ, ತೂಕಡಿಕೆ ಬತ್ತದೆ. ಈಚೀಕೆ ಬಂದ್ರೆ ಏನೂ ಇಲ್ಲ ಕಣಪ್ಪ.’

ನನ್ನ ಕಣ್ಣಿಗೆ ಮದ್ದೂರಿನ ಆ ಕ್ಲೀನರ್ ಕುಸಿದದ್ದು ಕಂಡಿತು. ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟೆ. ಮೇಸ್ತ್ರಿಗಳು ಆಗ ತಾನೇ ಜ್ವರ ಬಿಟ್ಟು ಶೆಡ್ಡಿಗೆ ಬರತೊಡಗಿದ್ದರು. ಅವರೂ ನಿಂಗಣ್ಣನ ಮಾತು ಕೇಳಿಸಿಕೊಂಡಿದ್ದರು. ಗೂಟದಲ್ಲಿದ್ದ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟರು.

ನಾನು ಇಂಜಿನ್ನಿಗೆ ಸ್ವಲ್ಪ ಎಣ್ಣೆ ಕುಡಿಸಿ ಬಿಳಿ ಹೊಗೆ ಬರುವಂತೆ ಮಾಡಿದೆ. ನಿಂಗಣ್ಣ ಪೈಪಿನ ಬಾಯಿಗೆ ಬಟ್ಟೆ ಹಿಡಿದ. ನಾನು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಮುಂದಿನ ಸೀಟಿನ ಕೆಳಗಿಂದ ಊದುಬತ್ತಿಯ ಎಳೆಯಂಥ ಹೊಗೆ ಎದ್ದು ನನ್ನ ಮೊಣಕಾಲಿಗೆ ಬಂತು. ಎದೆಗೆ ಬಂತು. ಆ ಹೆಂಗಸು ಮಲಗಿದ್ದ ಜಾಗ ಅದೇ.

ಇಳಿದು ಬಂದೆ. ಮೇಸ್ತ್ರಿಗಳು ನಿಧಾನವಾಗಿ ಕೇಳಿದರು, ‘ಡಾಕ್ಟರಮ್ಮಂಗೆ ನಾನ್ ಹೇಳ್ಲೋ, ನೀನ್ ಹೇಳ್ತೀಯೋ?’

ನಾನೇ ಹೋದೆ. ಬಾಣಂತಿಯನ್ನು ನೋಡಿಕೊಂಡು ಹೋಗಲು ಅವರು ಮಂಡ್ಯದಲ್ಲೇ ಉಳಿದಿದ್ದರು. ಆಸ್ಪತ್ರೆಯ ಜಗಲಿಯಲ್ಲಿ ನಿಂತು ಒಂದನ್ನೂ ಬಿಡದೆ ಹೇಳಿದೆ, ಏರು ಎಳೆಯುತ್ತಿಲ್ಲ ಎಂದು ನಿಂಗಣ್ಣ ಹೇಳಿದಾಗ ಪೆಟ್ರೋಲಿನ ಮೇಲೆ ಹಾಕಿದ್ದನ್ನೂ ಸೇರಿಸಿ. ಬೈದು ಹೊರಗೆ ಹಾಕುತ್ತಾರೆ, ಪೋಲೀಸರಿಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಜಗಲಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಮಗು ಉಳಿದೀತಾ ಎಂದು ನಾನು ಕೇಳಿದೆ.

‘ಹಾಲು ಕುಡೀತಿದೆ. ಅಷ್ಟು ಹೊತ್ತು ಅಳದೆ ಇದ್ದದ್ದು ಅಡ್ಡ ತಿರುಗಿದ್ದಕ್ಕೋ ಈ ಹೊಗೆಗೋ ನನಗೆ ಹೇಳೋಕೆ ಬರಲ್ಲ. ಎರಡು ವಾರದಿಂದ ಕಾರಲ್ಲಿ ಕೂತಾಗಲೆಲ್ಲ ತಲೆನೋವು ಬರ್ತಿತ್ತು ಬೋರೇಗೌಡರೇ. ಇಂಥಾದ್ದನ್ನ ನಾನು ಓದಿ ಪಾಸ್ ಮಾಡಿದೀನಿ. ಆದ್ರೂ ಹೊಳೀಲಿಲ್ಲ. ನಿಮ್ಮ ತಪ್ಪು ನೀವು ಹೇಳಿದ್ರಿ, ನನ್ನದು ನಾನು ಹೇಳ್ದೆ. ಈಗ ಕಾರು ಏನು ಮಾಡೋಣ, ಅದನ್ನ ಹೇಳಿ.’

ಆ ಸಂಜೆ ಶೆಡ್ಡಿನಲ್ಲಿ ಮೇಸ್ತ್ರಿಗಳು, ಡಾಕ್ಟರಮ್ಮ, ನಾನು ಮೂವರೂ ಕೂತು ಯೋಚನೆ ಮಾಡಿದೆವು. ಡಾಕ್ಟರಮ್ಮನಿಗೆ ಹಳೆಯ ಟೈರಿನ ಮೇಲೆ ಗೋಣಿಚೀಲ ಹಾಸಿಕೊಟ್ಟಿದ್ದೆವು. ಹೊಸ ಸೈಲೆನ್ಸರ್ ಸಿಗುವವರೆಗೆ ಕಾರನ್ನು ನಿಲ್ಲಿಸುವುದು ಕ್ಷೇಮ ಎಂದು ನಾನೆಂದೆ. ಯುದ್ಧ ಎಂದು ಮುಗಿಯುತ್ತದೋ ಯಾರಿಗೆ ಗೊತ್ತು, ಅಲ್ಲಿಯವರೆಗೆ ಮಕ್ಕಳು ಅಡ್ಡ ತಿರುಗದೆ ಇರುತ್ತವೆಯೇ ಎಂದು ಡಾಕ್ಟರಮ್ಮ ಕೇಳಿದರು. ಇನ್ನೊಂದು ಗಟ್ಟಿ ತೇಪೆ ಹಾಕುವ ಮಾತನ್ನು ಮೇಸ್ತ್ರಿಗಳು ತಳ್ಳಿಹಾಕಿದರು. ಕೊಳೆತ ಡಬ್ಬಕ್ಕೆ ಎಷ್ಟು ತೇಪೆ ಹಾಕಿದರೂ ಒಳಗಿನ ದಾರಿ ಮುಚ್ಚಿಯೇ ಇರುತ್ತದೆ. ಉಳಿದದ್ದು ಒಂದೇ. ಸದ್ಯಕ್ಕೆ ಸೈಲೆನ್ಸರನ್ನೇ ಕಿತ್ತು ಹಾಕಿ ನೇರ ಪೈಪು ಹಿಂದಕ್ಕೆ ಬಿಡುವುದು, ಮುಂದಿನ ಸಂದಿಯನ್ನು ಬಿಗಿ ಮಾಡುವುದು, ನೆಲದ ಹಲಗೆ ಬದಲಿಸುವುದು. ಹೊಗೆ ಒಳಗೆ ಬರುವುದಿಲ್ಲ, ಆದರೆ ಸದ್ದು ಭಯಂಕರ. ಆಮೇಲೆ ನಿಧಾನವಾಗಿ ನಾವೇ ಒಂದು ಹೊಸ ಸೈಲೆನ್ಸರ್ ಮಾಡುವುದು.

ಸದ್ದಾದರೆ ಆಗಲಿ ಎಂದರು ಡಾಕ್ಟರಮ್ಮ. ಕಿವಿ ಹೋದರೆ ನನ್ನದು ತಾನೆ ಎಂದು ನಕ್ಕರು.

ಮುಂದಿನ ಸಂದಿಗೆ ಪ್ಯಾಕಿಂಗ್, ಎಂದರೆ ನಡುವೆ ಇಟ್ಟು ಬಿಗಿಯುವ ತೆಳು ತಗಡು, ಬೇಕಾಗಿತ್ತು. ಬಿಸಿಗೆ ಸುಡದೆ ಸಂದಿಗೆ ಒತ್ತಿ ಕೂರುವಂಥದ್ದೆಂದರೆ ತಾಮ್ರವೇ ಆಗಬೇಕು. ಯುದ್ಧಕಾಲದಲ್ಲಿ ತಾಮ್ರದ ತಗಡು ಎಲ್ಲಿಂದ ತರುವುದು? ಭಾನುವಾರ ಹೊಳಲಿಗೆ ಹೋದಾಗ ನಾನು ಊಟ ಸರಿಯಾಗಿ ಮಾಡದ್ದನ್ನು ಕಂಡು ಅವ್ವ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಎದ್ದುಹೋಗಿ ಅಟ್ಟದ ಮೇಲಿಂದ ಒಂದು ತಾಮ್ರದ ಬಿಂದಿಗೆ ಇಳಿಸಿದಳು. ತಳದಲ್ಲಿ ಸೋರುತ್ತಿದ್ದುದರಿಂದ ಎತ್ತಿಟ್ಟದ್ದು, ಅವಳ ತವರಿನಿಂದ ಬಂದದ್ದು.

‘ಕುಯ್ಕೊಂಡು ಓಗ್ಲಾ. ಮಡಗ್ಕೊಂಡು ಪೂಜೆ ಮಾಡ್ಲಾ ಅದ್ನ? ಬಾಣ್ತಿ ಬದುಕ್ಕಂಡ್ಲಲ್ಲ, ಅದು ದೊಡ್ದು.’

ಅಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ನಾನು ಬಿಂದಿಗೆಯನ್ನು ಕತ್ತರಿಸಲು ಹೆಣಗಾಡುವಾಗ ಬಂದು ಕುಕ್ಕರಗಾಲಲ್ಲಿ ಕೂತು ಅದನ್ನು ಅಲುಗಾಡದಂತೆ ಎರಡು ಕೈಯಲ್ಲೂ ಹಿಡಿದುಕೊಂಡ.

ಸಂದಿಯಲ್ಲಿ ಒಂದಕ್ಕೊಂದು ಕೂಡುವ ಎರಡು ಲೋಹದ ಮುಖಗಳೂ ಬಾಗಿದ್ದವು. ಗಾಜಿನ ಹಲಗೆಗೆ ದೀಪದ ಮಸಿ ಬಳಿದು ಅದರ ಮೇಲೆ ಆ ಮುಖಗಳನ್ನು ಉಜ್ಜಬೇಕು. ಮಸಿ ಹತ್ತಿದ ಕಡೆ ಉಬ್ಬು. ಅಲ್ಲಿ ಅರದಿಂದ ಒಂದು ಎಳೆ ತೆಗೆಯಬೇಕು, ಮತ್ತೆ ಉಜ್ಜಬೇಕು. ಮೇಸ್ತ್ರಿಗಳು ನನ್ನ ಪಕ್ಕ ಕೂತು ಎರಡು ದಿನ ನನ್ನಿಂದಲೇ ಮಾಡಿಸಿದರು. ಅವರೇ ಅರ ಹಿಡಿದಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಈಗಿನವರಿಗೆ ಯಂತ್ರವಿದೆ, ಇದು ಬೇಕಿಲ್ಲ. ಆದರೂ ಒಮ್ಮೆ ಮಾಡಿ ನೋಡಿ. ಮುಖದ ತುಂಬ ಮಸಿ ಒಂದೇ ಸಮ ಹತ್ತಿದ ಕ್ಷಣ ಮನಸ್ಸಿಗಾಗುವ ನೆಮ್ಮದಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಸೈಲೆನ್ಸರ್ ಇಲ್ಲದ ಕಾರು ಮಳವಳ್ಳಿ ಸೀಮೆಯಲ್ಲಿ ಮೂರು ವಾರ ಗುಡುಗಿತು. ಮೊದಲ ದಿನವೇ ಮದ್ದೂರಿನ ಸಂತೆ ದಾರಿಯಲ್ಲಿ ಎತ್ತುಗಳು ಬೆದರಿ ಕುಂಬಾರನ ಗಾಡಿಯೊಂದು ವಾಲಿ, ಮಡಕೆಗಳು ಉರುಳಿದವಂತೆ. ಡಾಕ್ಟರಮ್ಮ ಇಳಿದು ಸೆರಗು ಕಟ್ಟಿ ಒಡೆಯದೆ ಉಳಿದವನ್ನು ಆರಿಸಿಕೊಟ್ಟರಂತೆ. ಬರುಬರುತ್ತಾ ಜನ ಒಗ್ಗಿಕೊಂಡರು. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಸದ್ದು ಕೇಳಿದ ಕೂಡಲೇ ತಲೆಯೆತ್ತಿ, ಇವತ್ತು ಯಾರ ಮನೆಯಲ್ಲಿ ಹೆರಿಗೆಯಪ್ಪ ಎಂದು ಮಾತಾಡಿಕೊಳ್ಳುತ್ತಿದ್ದರೆಂದು ನಿಂಗಣ್ಣ ಹೇಳುತ್ತಿದ್ದ.

ಅಷ್ಟರಲ್ಲಿ ನಾನು ಹಳೆಯ ಬಾಯ್ಲರಿನ ದಪ್ಪ ತಗಡು ಸಂಪಾದಿಸಿ ಸುರುಳಿ ಸುತ್ತಿಸಿದ್ದೆ. ಬೆಸೆಯಬೇಕು. ನಮ್ಮಲ್ಲಿದ್ದ ಒಲೆಯ ಬೆಸುಗೆ ಅದಕ್ಕೆ ಸಾಲದು. ಗ್ಯಾಸ್ ವೆಲ್ಡಿಂಗ್ ಚೆನ್ನಾಗಿ ಬಲ್ಲವನು ಶಿವನಸಮುದ್ರದ ಹತ್ತಿರ ಬ್ಲಫ್‌ನಲ್ಲಿದ್ದಾನೆ, ಕರೆಂಟು ಮಾಡುವ ಪವರ್‌ಹೌಸಿನವನು, ಪೊನ್ನುಸ್ವಾಮಿ ಎಂದು ಹೆಸರು ಎಂದು ಮೇಸ್ತ್ರಿಗಳು ಹೇಳಿದರು. ತಗಡು ಪೈಪುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಮಳವಳ್ಳಿವರೆಗೆ ಬಸ್ಸಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಹೋದೆ.

ಪೊನ್ನುಸ್ವಾಮಿ ಗಿಡ್ಡ ಮನುಷ್ಯ, ಹುಬ್ಬು ಸುಟ್ಟುಹೋಗಿದ್ದವು. ಸರ್ಕಾರದ ಗ್ಯಾಸು, ಹೊರಗಿನ ಕೆಲಸಕ್ಕೆ ಮುಟ್ಟುವ ಹಾಗಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದ. ನಾನು ಹೋಗದೆ ನಿಂತಿದ್ದೆ. ಯಾರ ಕಾರು ಎಂದು ಕೇಳಿದ. ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ. ಅವನು ಕೈಯೊರೆಸಿಕೊಂಡು ಇಂಜಿನಿಯರ ಕೋಣೆಗೆ ಹೋಗಿ ಬಂದ. ಸಿಲಿಂಡರಿನ ತಳದಲ್ಲಿ ಉಳಿಯುವ ಗ್ಯಾಸಿನಲ್ಲಿ, ರಜದ ದಿನ, ತನ್ನ ಸ್ವಂತ ಹೊತ್ತಿನಲ್ಲಿ ಮಾಡಬಹುದೆಂದು ಅಪ್ಪಣೆಯಾಗಿತ್ತು. ಆ ಭಾನುವಾರವೆಲ್ಲ ಇಬ್ಬರೂ ಕೂತೆವು. ನಾನು ತಂದಿದ್ದ ಒಳಪೈಪಿಗೆ ತೂತುಗಳು ಸಾಲವು ಎಂದು ಅವನು ಇನ್ನಷ್ಟು ಕೊರೆಸಿದ. ಹೊಗೆ ಹಿಗ್ಗಬೇಕು, ಅದಕ್ಕೆ ಜಾಗ ಬೇಕು, ಅಡ್ಡಿ ಮಾಡಿದರೆ ಅದು ಸಿಟ್ಟಾಗುತ್ತದೆ ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ವಿವರಿಸಿದ. ಮಧ್ಯಾಹ್ನ ಅವನ ಹೆಂಡತಿ ಸಾರು ಅನ್ನ ಬಡಿಸಿದಳು. ಬಾಗಿಲ ಹತ್ತಿರ ಎರಡು ವರ್ಷದ ಹೆಣ್ಣುಮಗುವೊಂದು ನನ್ನನ್ನೇ ನೋಡುತ್ತಾ ನಿಂತಿತ್ತು. ಇದೂ ಅಡ್ಡ ತಿರುಗಿತ್ತು ಎಂದಷ್ಟೇ ಹೇಳಿ ಪೊನ್ನುಸ್ವಾಮಿ ಊಟ ಮುಂದುವರಿಸಿದ.

ಹೊಸ ಸೈಲೆನ್ಸರ್ ಕೂರಿಸಿದ ದಿನ ಮೇಸ್ತ್ರಿಗಳು ಕಾರಿನ ಗಾಜೆಲ್ಲ ಏರಿಸಿದರು. ಎಣ್ಣೆ ಕುಡಿಸಿದೆವು, ಹಿಂದಿನಿಂದ ದಟ್ಟ ಬಿಳಿ ಹೊಗೆ ಬಂತು. ಬಟ್ಟೆ ಹಿಡಿದರೆ ಇಂಜಿನ್ ಉಸಿರುಕಟ್ಟಿ ನಿಂತಿತು. ಮತ್ತೆ ಚಾಲೂ ಮಾಡಿದೆವು. ಇನ್ನು ಒಳಗೆ ಕೂತು ನೋಡಬೇಕು. ನಾನು ಹೇಳಿಸಿಕೊಳ್ಳದೆ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ತಲೆ ಸ್ವಲ್ಪ ಹಿಡಿದರೂ ಇಳಿದುಬಿಡಬೇಕು ಎಂದು ಮೇಸ್ತ್ರಿಗಳು ಕಿಟಕಿಯ ಆಚೆಯಿಂದ ಸನ್ನೆ ಮಾಡಿದರು. ಕಾಲು ಗಂಟೆ ಕಳೆದಿರಬೇಕು. ಇನ್ನೊಂದು ಕಡೆಯ ಬಾಗಿಲು ತೆರೆಯಿತು. ಮೇಸ್ತ್ರಿಗಳು ಬಾಗಿದ ಬೆನ್ನನ್ನು ಕಷ್ಟಪಟ್ಟು ಒಳಗೆ ತೂರಿಸಿ ನನ್ನ ಪಕ್ಕ ಕೂತರು. ಬಾಗಿಲು ಹಾಕಿಕೊಂಡರು. ಜ್ವರದಿಂದ ಎದ್ದ ಮೈ, ನೀವು ಯಾಕೆ ಬಂದಿರಿ ಎಂದೆ.

‘ಕೆಲ್ಸ ನೋಡ್ದೆ. ಸರಿಯಾಗಿ ಅದೆ. ಅದ್ಕೇ ಬಂದೆ.’

ಮೈಸೂರು ರಸ್ತೆಯಲ್ಲಿ ಹೋಗುವವರು ನಿಂತ ಕಾರಿನಲ್ಲಿ ಗಾಜು ಏರಿಸಿಕೊಂಡು ಸುಮ್ಮನೆ ಕೂತ ಇಬ್ಬರನ್ನು ಬಗ್ಗಿ ನೋಡಿಕೊಂಡು ಹೋಗುತ್ತಿದ್ದರು. ಅರ್ಧ ಗಂಟೆಗೂ ಹೆಚ್ಚು ಹಾಗೆ ಕೂತಿದ್ದೆವು. ಯಾರಿಗೂ ತಲೆ ನೋಯಲಿಲ್ಲ. ನನ್ನ ಮೂವತ್ತೆಂಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು ಯಾವುದು ಎಂದು ಕೇಳಿದರೆ ಆ ಅರ್ಧ ಗಂಟೆ ಎನ್ನುತ್ತೇನೆ.

ಮುಂದಿನ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯುದ್ಧ ಮುಗಿದು, ಸ್ವಾತಂತ್ರ್ಯ ಬಂದ ವರ್ಷದ ಹೊತ್ತಿಗೆ ಪೆಟ್ಟಿಗೆಗಳಲ್ಲಿ ಹೊಸ ಸಾಮಾನು ಬರತೊಡಗಿತು. ಡಾಕ್ಟರಮ್ಮನಿಗೂ ಅಸಲಿ ಸೈಲೆನ್ಸರ್ ತರಿಸಿಕೊಡುತ್ತೇನೆ ಎಂದೆ. ಇದು ಚೆನ್ನಾಗಿದೆಯಲ್ಲ, ಇರಲಿ ಎಂದರು. ಮೇಸ್ತ್ರಿಗಳ ಕಣ್ಣು ಆಗ ಮಬ್ಬಾಗಿತ್ತು. ಶೆಡ್ಡಿಗೆ ಬಂದು ಮರದಡಿ ಕೂತು ಹೋಗುವ ಗಾಡಿಗಳ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಕಾಲ ಬದಲಾಯಿತು, ಬಿಚ್ಚಿ ಎಸೆಯುವುದೇ ರಿಪೇರಿ ಎಂದಾಯಿತು. ಅದರಲ್ಲಿ ತಪ್ಪೇನೂ ಇಲ್ಲ. ಹೊಸದು ಕೂರಿಸಿದ ಮೇಲೂ ಒಮ್ಮೆ ಹಿಂದಕ್ಕೆ ಹೋಗಿ ಬಟ್ಟೆ ಹಿಡಿದು ನೋಡಿ, ಅಷ್ಟೇ ನಾನು ಕೇಳುವುದು.

ಮತ್ತೆ ಆ ಮಳೆಗಾಲಕ್ಕೇ ಬರುತ್ತೇನೆ. ಹೊಸ ಸೈಲೆನ್ಸರ್ ಕೂರಿಸಿದ ವಾರವೇ, ಹೊಲಿಗೆ ಮಾಯಲೆಂದು ತಿಂಗಳಿಂದ ಆಸ್ಪತ್ರೆಯಲ್ಲೇ ಇದ್ದ ಚಿಕ್ಕತಾಯಮ್ಮನನ್ನು ಊರಿಗೆ ಕಳಿಸುವ ದಿನ ಬಂತು. ಡಾಕ್ಟರಮ್ಮ ನನ್ನನ್ನೂ ಬರಹೇಳಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತ್ತು. ಪುಟ್ಟಮಾದಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದವಳು ಕಾರನ್ನು ಕಂಡು ಅಲ್ಲೇ ನಿಂತಳು. ಬಸ್ಸಿನಲ್ಲೋ ಗಾಡಿಯಲ್ಲೋ ಹೋಗುತ್ತೇವೆ, ಇದರಲ್ಲಿ ಕಾಲಿಡುವುದಿಲ್ಲ ಎಂದಳು. ಹಸಿ ಬಾಣಂತಿ, ಹೊಲಿಗೆ ಹಾಕಿದ ಹೊಟ್ಟೆ, ಗಾಡಿ ಕುಲುಕಾಟ ಆಗದು ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಹಿಂದಿನ ಸಲ ಏನಾಗಿತ್ತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕಾರಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಅವಳು ಅಂದುಕೊಂಡಿದ್ದಳು.

ನಾನು ಹತ್ತಿರ ಹೋಗಿ ಹೇಳಿದೆ. ಗಾಳಿಯಲ್ಲ ಅಮ್ಮ, ಹೊಗೆ. ಅದನ್ನು ಒಳಗೆ ಬಿಟ್ಟವನು ನಾನು, ಗೊತ್ತಿಲ್ಲದೆ ಬಿಟ್ಟೆ. ಈಗ ಹೊಸದಾಗಿ ಮಾಡಿದ್ದೇನೆ, ಗಾಜು ಹಾಕಿಕೊಂಡು ಒಳಗೆ ಕೂತು ನೋಡಿದ್ದೇನೆ ಎಂದೆ. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ತಿರುಗಿ ನೋಡಿದಳು. ಹಿಂದೆ ಸೊಸೆ ಗೋಡೆ ಹಿಡಿದು ನಿಂತಿದ್ದಳು.

‘ನೀ ಎಲ್ಲಿ ಕುಂತ್ಕತೀಯಪ್ಪ?’ ಎಂದಳು ಅತ್ತೆ.

ಮುಂದೆ ನಿಂಗಣ್ಣನ ಪಕ್ಕ ಎಂದೆ.

‘ಮುಂದ್ಗಡೆ ಬ್ಯಾಡ. ಇಂದ್ಗಡೆ ನಮ್ ಜೊತೆ ಕುಂತ್ಕೊ. ಮಗೀನ ನಿನ್ ತೊಡೆ ಮ್ಯಾಲೆ ಮಲಗ್ಸ್ಕೊ.’

ನಾನು ಅಂಗಿಯ ತೋಳು ಮಡಚಿ ನಲ್ಲಿಯಲ್ಲಿ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡೆ. ಎಷ್ಟು ತೊಳೆದರೂ ಸೀಮೆಎಣ್ಣೆಯ ವಾಸನೆ ಹೋಗಲಿಲ್ಲ. ಡಾಕ್ಟರಮ್ಮ ಮುಂದೆ ಕೂತರು. ಚಿಕ್ಕತಾಯಮ್ಮ, ಅವಳ ಅತ್ತೆ, ನಾನು ಹಿಂದೆ. ನಾನು ಅಲ್ಲಿಯವರೆಗೆ ಅಷ್ಟು ಎಳೆಯ ಮಗುವನ್ನು ಮುಟ್ಟಿದವನಲ್ಲ. ತಲೆಯ ಕೆಳಗೆ ಕೈ ಹೇಗಿಡಬೇಕೆಂದು ಪುಟ್ಟಮಾದಮ್ಮನೇ ನನ್ನ ಬೆರಳುಗಳನ್ನು ಹಿಡಿದು ತೋರಿಸಿದಳು. ಮದ್ದೂರಿನ ಹತ್ತಿರ ತುಂತುರು ಶುರುವಾಗಿ ನಿಂಗಣ್ಣ ಗಾಜು ಏರಿಸಲೇ ಎಂದು ಹಿಂದಕ್ಕೆ ತಿರುಗಿ ಕೇಳಿದ. ಪುಟ್ಟಮಾದಮ್ಮ ಸೆರಗಿನ ತುದಿಯನ್ನು ಮಗುವಿನ ಮೇಲೆ ಹೊದಿಸಿದಳು. ಆಮೇಲೆ ಚಿಕ್ಕತಾಯಮ್ಮ, ಮಗುವಿಗೆ ಚಳಿಯಾಗುತ್ತದೆ, ಏರಿಸಣ್ಣ ಎಂದಳು.

ಮುಂದಿನ ದಾರಿಯುದ್ದಕ್ಕೂ ನಾನು ಕಿಟಕಿಯ ಆಚೆ ಏನೂ ನೋಡಲಿಲ್ಲ. ಮಗುವಿನ ಮೂಗಿನ ಹೊಳ್ಳೆಗಳನ್ನೇ ನೋಡುತ್ತಿದ್ದೆ. ಕತ್ತಿನ ಹತ್ತಿರ ಬೆರಳಿಟ್ಟುಕೊಂಡಿದ್ದೆ. ಮದ್ದೂರು ದಾಟಿದ ಮೇಲೆ ಅದು ಕಣ್ಣು ಮುಚ್ಚಿತು. ನಿದ್ದೆ ಮಾಡುತ್ತಿದೆಯೋ ಏನೋ ಎಂದು ಅಲುಗಿಸಿದೆ. ಅದು ಮುಖ ಕಿವಿಚಿ ದೊಡ್ಡ ದನಿಯಲ್ಲಿ ಅತ್ತಿತು. ಮುಂದೆ ಕೂತ ಡಾಕ್ಟರಮ್ಮ ತಿರುಗದೆಯೇ, ಮಲಗಿಸಿ ಗೌಡರೇ, ಅದಕ್ಕೆ ಬರೀ ನಿದ್ದೆ ಎಂದರು. ಮತ್ತೆ ಮಲಗಿತು. ಮತ್ತೆ ಅಲುಗಿಸಲು ಕೈ ತುಡಿಯುತ್ತಿತ್ತು, ತಡೆದುಕೊಂಡೆ.

ಊರ ಮುಂದೆ ಕಾರು ನಿಂತಾಗ ಮಳೆ ಬಿಟ್ಟು ಬಿಸಿಲು ಬಂದಿತ್ತು. ಪುಟ್ಟಮಾದಮ್ಮ ಮೊದಲು ಇಳಿದಳು. ನನ್ನ ತೊಡೆಯ ಮೇಲಿಂದ ಮೊಮ್ಮಗನನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು, ಮುಖ ನೋಡಿದಳು, ತುಟಿ ನೋಡಿದಳು, ಅಂಗಾಲಿಗೆ ಚಿವುಟಿ ಅಳಿಸಿ ನೋಡಿದಳು. ಆಮೇಲೆ ಬಗ್ಗಿ, ನೀರು ತೊಟ್ಟಿಕ್ಕುತ್ತಿದ್ದ ಕಾರಿನ ಹೊಟ್ಟೆಯ ಕಡೆಗೂ ಒಮ್ಮೆ ನೋಡಿದಳು.

‘ಸರ್ಯಾಗಿ ಅದೆ ಬುಡು’ ಎಂದಳು.

ಮಗುವಿನ ಮಾತು ಹೇಳಿದಳೋ ಕಾರಿನ ಮಾತು ಹೇಳಿದಳೋ, ನಾನು ಕೇಳಲಿಲ್ಲ.